ರೊಟ್ಟಿಹಬ್ಬದ ದಿನ ತೊಳೆದ ಕಲ್ಲು

ಗಿಣಿಗೇರಾದ ವಿರುಪಣ್ಣನ ಮನೆಗೆ ಆ ಕಲ್ಲು ಬಂದದ್ದು ಕಾರಹುಣ್ಣಿಮೆ ಮುಗಿದ ವಾರ. ಮಗ ಸಿದ್ದೇಶ ಬೈಕಿನ ಹಿಂದೆ ಕರೆಂಟಿನ ಓವನ್ ಕಟ್ಟಿಕೊಂಡು ಮೊದಲೇ ಬಂದಿದ್ದ. ಅವನ ತಂಗಿ ಮಲ್ಲೇಶ್ವರಿ ಕಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಫ್ಯಾಕ್ಟರಿ ಕಾಲನಿಯಿಂದ ನಡೆದೇ ಬಂದಳು. ಬೈಕಿನ ಮೇಲೆ ಕುಲುಕಾಡಿದರೆ ಎಲ್ಲಿ ಒಡೆದೀತೋ ಎಂದು ಅವಳ ಹೆದರಿಕೆ.

ತಾಯಿ ಪಕೀರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಸೀರೆಯ ಗಂಟು ಬಿಚ್ಚಿ ನೋಡಿದಳು. ದುಂಡಗಿತ್ತು, ಹೆಬ್ಬೆರಳ ದಪ್ಪ, ಮಣ್ಣಿನ ಬಣ್ಣ. ಮೈತುಂಬ ಕಂದು ಕಲೆ.

"ಇದೇನ ಬೇ, ಯಾರ ಮನೀ ಬೀಸೋಕಲ್ಲು ಎತ್ತಿಕೊಂಡು ಬಂದಿ?"

"ಪಿಜ್ಜಾ ಮಾಡೋ ಕಲ್ಲವ್ವಾ. ಓವನ್ನಿನಾಗ ಇಟ್ಟು, ಚಲೋತ್ನ್ಯಾಗ ಕಾಸಿ, ಇದರ ಮ್ಯಾಲೆ ಹಿಟ್ಟು ಹಾಕಬೇಕು. ಮೇಡಮ್ ಅವರಿಗೆ ವರ್ಗ ಆತಲ್ಲ, ಎರಡೂ ನನಗ ಕೊಟ್ಟು ಹೋದ್ರು."

ಸಹನಾ ಒಳಗಿನಿಂದ ಬಂದಳು. ಸಿದ್ದೇಶನ ಹೆಂಡತಿ, ಐದು ತಿಂಗಳ ಬಸುರಿ. ಸೊಂಟಕ್ಕೆ ಕೈ ಕೊಟ್ಟು ನಿಂತು ಕಲ್ಲನ್ನೊಮ್ಮೆ, ನಾದಿನಿಯನ್ನೊಮ್ಮೆ ನೋಡಿದಳು.

"ಅವ್ವಾ, ವೈನಿ, ಇಬ್ಬರೂ ಕೇಳ್ರಿ," ಎಂದಳು ಮಲ್ಲೇಶ್ವರಿ. "ಇದಕ್ಕ ನೀರು ಸೋಕಿಸಬಾರದು. ಸಬಕಾರ ಹಚ್ಚಿ ತಿಕ್ಕಬಾರದು. ಎಣ್ಣಿ ಸವರಬಾರದು. ತಣ್ಣಗಾದ ಮ್ಯಾಲೆ ಹತ್ತಿದ್ದನ್ನ ಕೆರೆದು, ಒಣಾ ಅರಿವಿಲೆ ಒರೆಸಿಟ್ಟರ ಮುಗೀತು."

"ಅಂದ್ರ ಹುಟ್ಟಿದಾಗಿಂದ ಮೈನ ತೊಳಕೊಂಡಿಲ್ಲ ಅನ್ನು ಇದು," ಎಂದಳು ಸಹನಾ.

"ಇಲ್ಲ ವೈನಿ. ಇದು ಕುಡಿಯೋ ಕಲ್ಲು. ಏನ ಹಚ್ಚಿದರೂ ಒಳಗ ಎಳಕೊಂತೈತಿ, ಕಾಯ್ದಾಗ ಅದನ್ನ ತಿನ್ನೋದಕ್ಕ ಬಿಡತೈತಿ. ಹಸಿ ಇದ್ದಾಗ ಕಾಸಿದರ ಸೀಳತೈತಿ."

"ಮತ್ತ ಈ ಕಲೆ?" ಪಕೀರಮ್ಮ ಉಗುರಿನಿಂದ ಕೆರೆದು ನೋಡಿದಳು.

"ಕಲೆ ಇರಲವ್ವಾ. ಕಲೆ ಬಿದ್ದಷ್ಟು ಹದ ಆಗತೈತಂತ."

ಪಕೀರಮ್ಮ ಮೂವತ್ತೈದು ವರ್ಷ ನಡೆಸಿದ ಅಡುಗೆಮನೆಯಲ್ಲಿ ತೊಳೆಯದೆ ಎತ್ತಿಟ್ಟ ಒಂದು ಚಮಚವೂ ಇರಲಿಲ್ಲ. ದೊಡ್ಡವರ ಮನೆಯವರು ಆಳುಗಳ ಕೈಯಲ್ಲಿ ತೊಳೆಸಲು ಬೇಸತ್ತು ಹೀಗೊಂದು ನೇಮ ಮಾಡಿಕೊಂಡಿರಬೇಕು ಎಂದುಕೊಂಡು ಮತ್ತೆ ಮೊರ ಹಿಡಿದಳು.

ಮಲ್ಲೇಶ್ವರಿ ಕುಷ್ಟಗಿಯ ಗಂಡನ ಮನೆ ಬಿಟ್ಟು ಬಂದು ಆಗ ಮೂರು ತಿಂಗಳು. ಗಂಡ ಗಾಳೇಶ ಟಂಟಂ ಆಟೊ ಓಡಿಸುತ್ತಿದ್ದ. ಮುಂಜಾನೆ ಹೋಗುವಾಗ ಹೆಂಡತಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುವುದು ಅವನ ಪದ್ಧತಿ. ರಾತ್ರಿ ಬಂದು ಕೀಲಿ ತೆಗೆದ ಮೇಲೆ, ಕಿಟಕಿಯಲ್ಲಿ ಯಾರ ಜೊತೆ ಮಾತಾಡಿದೆ ಎಂದು ಕೇಳುತ್ತಿದ್ದ. ಯಾರ ಜೊತೆಗೂ ಇಲ್ಲ ಎಂದರೆ ಸುಳ್ಳು ಹೇಳುತ್ತಿ ಎಂದು ಹೊಡೆಯುತ್ತಿದ್ದ. ಯುಗಾದಿಯ ಮುಂದೆ ಒಂದು ದಿನ ಕೊಡದಲ್ಲಿ ಹನಿ ನೀರಿಲ್ಲದೆ ಅವಳು ಕೂಗಿಕೊಂಡಾಗ, ಪಕ್ಕದ ಮನೆಯ ಶಂಕ್ರಮ್ಮ ಕಲ್ಲಿನಿಂದ ಕೀಲಿ ಜಜ್ಜಿ ಹೊರಗೆ ಬಿಟ್ಟಿದ್ದಳು. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಬಂದವಳು, ಬಂದ ಹದಿನೈದು ದಿನಕ್ಕೆ ಕಾಲನಿಯಲ್ಲಿ ಆ ಮೇಡಮ್ಮಿನ ಮನೆಯ ಅಡುಗೆಗೆ ಸೇರಿದ್ದಳು.

ಗಾಳೇಶನ ಕಡೆಯ ಹಿರಿಯರು ಎರಡು ಸಲ ಬಂದು ಕುಳಿತು, ಚಹಾ ಕುಡಿದು ಹೋಗಿದ್ದರು. ವಿರುಪಣ್ಣ ಮಗಳನ್ನು ಕೂಡಲೇ ಕಳಿಸಿರಲಿಲ್ಲ, ಕಳಿಸುವುದಿಲ್ಲ ಎಂದೂ ಹೇಳಿರಲಿಲ್ಲ. ಓವನ್ ಬಂದ ಸಂಜೆ ಊಟಕ್ಕೆ ಕುಳಿತಾಗ ಮಾತು ತೆಗೆದ.

"ಮೇಡಮ್ ಹೋದ್ಲು, ಪಗಾರೂ ಹೋತು. ಮುಂದ ಏನು ಮಾಡ್ತಿ?"

"ಇದನ್ನ ಮಾಡ್ತೀನಪ್ಪಾ. ಕಾಲನಿಯಾಗ ಪಿಜ್ಜಾ ತಿನ್ನೋರು ಅದಾರ. ಈಗ ಹೊಸಪೇಟಿಯಿಂದ ತರಿಸ್ತಾರ, ಬರೋದ್ರಾಗ ತಣ್ಣಗಾಗಿರ್ತೈತಿ."

"ನಾ ಇರೋತನಾ ಒಂದು ತುತ್ತಿಗೆ ಯಾರೂ ಬ್ಯಾಡನ್ನೂದಿಲ್ಲ. ಆಮ್ಯಾಲಿಂದು ಹೇಳು. ಅಣ್ಣನ ಮನ್ಯಾಗ ಎಷ್ಟು ವರ್ಷ ತಾಟು ಹಿಡಕೊಂಡು ಕುಂದರ್ತಿ?" ವಿರುಪಣ್ಣ ರೊಟ್ಟಿ ಮುರಿದ. "ಪಂಚಮಿತನಾ ನೋಡ್ತೀನಿ. ನಿನ್ನ ದುಡಿಮಿ ಕಾಯಂ ಆತು ಅನ್ನು, ಆ ಗಾಳೇಶಗ ನಾನ ಹೇಳ್ತೀನಿ, ಬರಬ್ಯಾಡಂತ. ಇಲ್ಲ ಅಂದ್ರ ಪಂಚಮಿ ಉಂಡಿ ಕಟಗೊಂಡು ಹೋಗಬೇಕು, ಎಲ್ಲಾರ ಹೆಣ್ಣುಮಕ್ಕಳು ಹೋಗೂವಂಗ."

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು, ಜೋಕಾಲಿ ಜೀಕುವುದು, ಉಂಡಿಯ ಡಬ್ಬಿ ಹೊತ್ತು ಗಂಡನ ಮನೆಗೆ ತಿರುಗುವುದು ಎಲ್ಲ ಮನೆಗಳಲ್ಲಿ ನಡೆಯುವುದೇ. ಹಾಗೆ ಹೋದರೆ ಊರಿನ ಬಾಯಿಗೆ ಮಾತು ಸಿಗುವುದಿಲ್ಲ. ವಿರುಪಣ್ಣನ ಲೆಕ್ಕ ಅದು.

ಮಲ್ಲೇಶ್ವರಿ ತಲೆ ಎತ್ತದೆ "ಹ್ಞೂಂ" ಅಂದಳು. ಪಕೀರಮ್ಮ ಎಲ್ಲರ ತಾಟಿಗೂ ಮತ್ತೊಂದು ಸುತ್ತು ಪಲ್ಯ ಬಡಿಸಿದಳು, ಯಾರೂ ಕೇಳದಿದ್ದರೂ.

ಮೊದಲ ಪಿಜ್ಜಾ ಮನೆಯವರಿಗೇ ಆಯಿತು. ವಿರುಪಣ್ಣ ಒಂದು ತುಂಡು ತಿಂದು ಮೀಸೆಗೆ ಹತ್ತಿದ ಚೀಸು ಎಳೆದುಕೊಂಡ. "ರೊಟ್ಟಿ ಮ್ಯಾಲೆ ಗೋಂದು ಹಚ್ಚೀರೇನು?"

"ತಿನ್ನಪ್ಪಾ, ಹಲ್ಲಿಗೆ ಹತ್ತಿದ್ರ ನಾಕು ದಿನ ಮಾತಾಡೂದಿಲ್ಲ ನೀನು, ನಮಗೂ ಸುಖ," ಎಂದ ಸಿದ್ದೇಶ. ಸಹನಾ ನಗುತ್ತಲೇ ಎರಡು ತುಂಡು ತಿಂದಳು. ಮೂರನೆಯದಕ್ಕೆ ಕೈ ಹಾಕುವಾಗ, "ಬಸುರಿ ಬಯಕಿ," ಅಂದಳು.

ಕಾಲನಿಯಿಂದ ಫೋನು ಬರತೊಡಗಿದವು. ಮೊದಮೊದಲು ಭಾನುವಾರ, ಆಮೇಲೆ ವಾರದ ನಡುವೆಯೂ. ಸಿದ್ದೇಶ ಫ್ಯಾಕ್ಟರಿಯ ಪಾಳಿಗೆ ಹೋಗುವಾಗ ಡಬ್ಬಿ ಮುಟ್ಟಿಸುತ್ತಿದ್ದ. ಮಲ್ಲೇಶ್ವರಿ ಕಲ್ಲನ್ನು ತಣ್ಣನೆಯ ಓವನ್ನಿನಲ್ಲೇ ಇಟ್ಟು ಸ್ವಿಚ್ಚು ಒತ್ತುತ್ತಿದ್ದಳು. ಅದು ನಿಧಾನ ಕಾಯಬೇಕು. ಎಲ್ಲ ಮುಗಿದ ಮೇಲೂ ಹೊರಗೆ ತೆಗೆಯುತ್ತಿರಲಿಲ್ಲ. ಅದು ನಿಧಾನ ಆರಬೇಕು. ಆರಿದ ಮೇಲೆ ಮರದ ಸಟ್ಟುಗದ ಅಂಚಿನಿಂದ ಸುಟ್ಟ ಹಿಟ್ಟನ್ನು ಮೆಲ್ಲಗೆ ಎಬ್ಬಿಸಿ, ಅರಿವೆಯಿಂದ ಒರೆಸಿ, ಮತ್ತೆ ಒಳಗಿಡುತ್ತಿದ್ದಳು.

ಅಷ್ಟು ಹೊತ್ತು ಬಚ್ಚಲಲ್ಲಿ ಮುಸುರೆ ಪಾತ್ರೆಗಳು ಬಿದ್ದಿರುತ್ತಿದ್ದವು.

"ಒಂದು ಕಲ್ಲು ಒರೆಸಾಕ ಒಂದು ತಾಸು," ಸಹನಾ ಅತ್ತೆಗೆ ಕೇಳಿಸುವಂತೆ ಅನ್ನುತ್ತಿದ್ದಳು. "ಈ ಮುಸುರಿ ತಿಕ್ಕಾಕ ಯಾರಿಗೂ ಕೈಯಿಲ್ಲ. ನಾ ಬಗ್ಗಬೇಕು, ಈ ಹೊಟ್ಟಿ ಹೊತ್ತು."

"ನಾ ತಿಕ್ಕತೀನಿ ಬಿಡು ವೈನಿ, ಬಂದೆ."

"ನೀ ಬರೋದ್ರಾಗ ನನ್ನ ಹೆರಿಗಿ ಆಗಿರ್ತೈತಿ."

ಪಕೀರಮ್ಮ ನಡುವೆ ಹೋಗಿ ತಾನೇ ಪಾತ್ರೆ ತಿಕ್ಕುತ್ತಿದ್ದಳು. ಸೊಸೆಯ ಮಾತು ಸುಳ್ಳಲ್ಲ, ಮಗಳದೂ ತಪ್ಪಲ್ಲ. ಒಂದಿಷ್ಟು ವಾರ ಹೀಗೆ ಸಾಗಿದರೆ ಸಾಕು ಅಂದುಕೊಂಡಿದ್ದಳು.

ಆಷಾಢ ಮುಗಿಯುವ ಹೊತ್ತಿಗೆ ಉಮಾಪತಿ ಮನೆಗೇ ಬಂದ. ಫ್ಯಾಕ್ಟರಿಯ ಕ್ಯಾಂಟೀನು ನಡೆಸುವವನು, ಕುಕನೂರಿನ ಕಡೆಯವನು. ಕುರ್ಚಿಯ ತುದಿಗೆ ಕುಳಿತು ಚಹಾ ಕುಡಿದ.

"ನೋಡ್ರಿ ತಂಗಿ, ದೊಡ್ಡ ಸಾಹೇಬರ ಮಗಳ ಹುಟ್ಟಿದ ದಿನ ಐತಿ. ಹನ್ನೆರಡು ಪಿಜ್ಜಾ ಬೇಕು, ಸಂಜೀಕ. ನೀವು ಚಲೋ ಮಾಡಿಕೊಟ್ರ, ಮುಂದ ಪ್ರತೀ ಐತವಾರ ಕ್ಲಬ್ಬಿಗೆ ನಿಮ್ದ ಕಾಯಂ. ಸಾಹೇಬರ ಬಾಯಿಲೆ ಹೇಳಿಸಿದ ಮಾತಿದು."

"ಯಾವತ್ತು ಅಣ್ಣಾರ?"

"ನಾಗರ ಚೌತಿ ದಿನ."

ಬಾಗಿಲಲ್ಲಿ ನಿಂತಿದ್ದ ಸಹನಾ ಅತ್ತೆಯ ಮುಖ ನೋಡಿದಳು. ಚೌತಿ ಮತ್ತು ಪಂಚಮಿ, ಈ ಎರಡು ದಿನ ಆ ಮನೆಯಲ್ಲಿ ಹಂಚನ್ನು ಒಲೆಯ ಮೇಲೆ ಇಡುವುದಿಲ್ಲ. ಹಂಚು ಕಾದರೆ ನಾಗಪ್ಪನ ಹೆಡೆ ಸುಡುತ್ತದೆ, ಮನೆಯ ಮಕ್ಕಳಿಗೆ ತಟ್ಟುತ್ತದೆ ಎಂದು ಪಕೀರಮ್ಮನ ಅತ್ತೆ ಹೇಳಿದ್ದಳು, ಅವಳಿಗೆ ಅವಳ ಅತ್ತೆ. ಅದಕ್ಕೇ ಹಿಂದಿನ ದಿನ ರೊಟ್ಟಿಹಬ್ಬ. ಎರಡು ದಿನಕ್ಕಾಗುವಷ್ಟು ರೊಟ್ಟಿ ಬಡಿದು, ಹಂಚು ತೊಳೆದು ಬೋರಲು ಹಾಕಿಬಿಡುವುದು.

ರಾತ್ರಿ ಊಟಕ್ಕೆ ಬಡಿಸುತ್ತ ಪಕೀರಮ್ಮ ಗಂಡನ ಮುಂದೆ ಮಾತು ತೆಗೆದಳು. ಮಗ, ಸೊಸೆ, ಮಗಳು ಅಂಗಳದಲ್ಲಿದ್ದರು.

"ಅದು ಹಂಚಲ್ರಿ. ಒಲೀನೂ ಅಲ್ಲ. ಕರೆಂಟಿನ ಡಬ್ಬಿಯಾಗಿನ ಕಲ್ಲು. ಅದಕ್ಕ್ಯಾಕ ಚೌತಿ ನೇಮ?"

ವಿರುಪಣ್ಣ ಅನ್ನ ಕಲಸಿದ. "ಹಂಚಲ್ಲ ಅಂತೀಯಲ್ಲ, ಆತು. ಆದರ ಆಷಾಢದಾಗ ಅದರ ಮ್ಯಾಲೆ ಕೋಳಿ ಬೆಂದೈತೋ ಇಲ್ಲೋ?"

"ಬೆಂದೈತಿ."

"ಶ್ರಾವಣಕ್ಕ ಮನೀ ಎಲ್ಲಾ ತೊಳೀತೀವಿ. ಆ ಕೋಳಿ ಕಲ್ಲೊಂದು ಹಂಗ ಕುಂತ್ರ ನಾ ಒಲ್ಲೆ. ತೊಳದ್ರ ಮಾಡಲಿ, ಇಲ್ಲಾಂದ್ರ ಬ್ಯಾಡ. ಹೊಟ್ಟ್ಯಾಗ ಕೂಸು ಐತಿ ಮನ್ಯಾಗ."

"ನಾ ನೋಡ್ಕೊಂತೀನಿ," ಎಂದಳು ಪಕೀರಮ್ಮ.

ಮಗಳಿಗೆ ಇದನ್ನು ಹೇಳಿದರೆ ಅಪ್ಪ-ಮಗಳ ನಡುವೆ ವಾದ ಬೆಳೆದು, ಒಪ್ಪಿದ್ದೂ ಮುರಿದೀತು ಎಂದು ಅವಳು ಹೇಳಲೇ ಇಲ್ಲ.

ರೊಟ್ಟಿಹಬ್ಬದ ದಿನ ಮಲ್ಲೇಶ್ವರಿ ಚೀಸು, ದೊಣಮೆಣಸಿನಕಾಯಿ ತರಲು ಕೊಪ್ಪಳದ ಬಸ್ಸು ಹತ್ತಿದಳು. ಮನೆಯಲ್ಲಿ ಬೆಳಗಿನಿಂದ ಹಂಚು ಆರಲಿಲ್ಲ. ಪಕೀರಮ್ಮ ಬಡಿದಳು, ಸಹನಾ ಬೇಯಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಓಣಿಯವರಿಗೆ ಬೀರಲು ಬೇರೆ ರಾಶಿ. ಮಧ್ಯಾಹ್ನ ಪಕೀರಮ್ಮ ಒಲೆ ಆರಿಸಿ ಹಂಚುಗಳನ್ನು ಬಚ್ಚಲಿಗೆ ಒಯ್ದಳು. ಅವುಗಳ ಜೊತೆಗೆ, ಓವನ್ನಿನ ಬಾಗಿಲು ತೆರೆದು, ಕಲ್ಲನ್ನೂ.

ಹಳೆಯ ಕೋಳಿಯ ಎಣ್ಣೆ ಒಂದು ಕಡೆ ಕರ್ರಗೆ ಕೂತಿತ್ತು. ಮೊದಲು ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದಳು, ಬಿಡಲಿಲ್ಲ. ಸಾಬೂನಿನ ಪುಡಿ ಕಲಸಿದ ಬಿಸಿನೀರಿನ ಟಬ್ಬಿನಲ್ಲಿ ಮುಳುಗಿಸಿಟ್ಟಳು. ಕಲ್ಲಿನ ಮೈಯಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಹೊಲಸೆಲ್ಲ ಹೊರಗೆ ಬರುತ್ತಿದೆ ಎಂದು ಅವಳಿಗೆ ಸಮಾಧಾನವಾಯಿತು.

ಹೊತ್ತು ಇಳಿದ ಮೇಲೆ ತೆಗೆದು ತಿಕ್ಕಿದಳು. ಕಲೆ ಅರ್ಧಕ್ಕರ್ಧ ಹೋಗಿತ್ತು. ಇಳಿಬಿಸಿಲಿಗೆ ಆರಿಸಿ, ಹೊಸ ಹಂಚನ್ನು ಪಳಗಿಸುವಂತೆ, ಅರ್ಧ ಉಳ್ಳಾಗಡ್ಡಿಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ಮೈಗೆಲ್ಲ ಉಜ್ಜಿದಳು. ಹಾಕಿದಷ್ಟೂ ಎಣ್ಣೆ ಇಂಗಿತು. ಪಾಪ, ಎಷ್ಟು ಒಣಗಿತ್ತೋ ಅಂದುಕೊಂಡು ಇನ್ನೊಂದಿಷ್ಟು ಸುರಿದಳು.

ದೀಪ ಹಚ್ಚುವ ಹೊತ್ತಿಗೆ ಮಗಳು ಬಂದಳು, ಎರಡೂ ಕೈಯಲ್ಲಿ ಚೀಲ. ಪಕೀರಮ್ಮ ಅವಳನ್ನು ಕೈ ಹಿಡಿದು ಓವನ್ನಿನ ಮುಂದೆ ಕರೆದೊಯ್ದಳು.

"ನೋಡು. ಹೊಸಾದು ಆದಂಗ ಆಗೈತಿ. ನಿಮ್ಮಪ್ಪಗೂ ಇನ್ನ ಬಾಯಿಲ್ಲ."

ಮಲ್ಲೇಶ್ವರಿ ಕಲ್ಲಿನ ಮೇಲೆ ಅಂಗೈ ಇಟ್ಟಳು. ಎತ್ತಿ ಮೂಸಿದಳು. ಮತ್ತೆ ಇಟ್ಟಳು.

"ತೊಳದಿಯೇನವ್ವಾ?"

"ಭಾಳ ಹೊತ್ತು ನೆನಿ ಇಟ್ಟೆ, ಅದಕ್ಕ ಬಿಡ್ತು."

"ಸಬಕಾರದಾಗ?"

"ಮತ್ತ ಬರೇ ನೀರಿಗೆ ಕೋಳಿ ಜಿಡ್ಡು ಹೋಗತೈತೇನು?"

ಮಲ್ಲೇಶ್ವರಿ ಚೀಲಗಳನ್ನು ನೆಲಕ್ಕಿಟ್ಟು ಅಲ್ಲೇ ಕುಳಿತಳು. ಬೈಯಲಿಲ್ಲ. ಬೈದಿದ್ದರೆ ಪಕೀರಮ್ಮನಿಗೆ ಉತ್ತರ ಕೊಡಲು ಬರುತ್ತಿತ್ತು.

ಮೇಡಮ್ಮಿಗೆ ಫೋನು ಹಚ್ಚಿದಳು. ಆ ಕಡೆಯ ಹಿಂದಿ ಮಾತು ಪಕೀರಮ್ಮನಿಗೆ ತಿಳಿಯಲಿಲ್ಲ, ಮಗಳು "ಜೀ, ಜೀ" ಎನ್ನುವುದು ಮಾತ್ರ ಕೇಳಿಸಿತು.

"ಏನಂತಾಳ?"

"ವಾರಗಟ್ಟಲೆ ಒಣಗಬೇಕಂತ. ಒಣಗಿದರೂ ಸಬಕಾರ ಹೋಗೂದಿಲ್ಲಂತ. ಹೊಸಾದು ತಗೋ ಅಂದ್ರು."

ಸಿದ್ದೇಶ ಅಂಗಳದಲ್ಲೇ ನಿಂತು ಹೊಸಪೇಟೆಯ ಗೆಳೆಯನಿಗೆ ಫೋನು ಮಾಡಿದ. ಒಳಗೆ ಬಂದು ತಲೆ ಅಲ್ಲಾಡಿಸಿದ. "ಬೇಕರಿಯಾಗ ಕೇಳಿದ್ನಂತ. ಕಲ್ಲು ಅಂದ್ರ ನಕ್ಕರಂತ. ಬೆಂಗಳೂರಿಂದ ತರಸಬೇಕು, ಹಬ್ಬದ ಮುಂದ ಯಾವಾಗ ಬರತೈತೋ."

ಚೌತಿಯ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಹಾಲೆರೆಯಲು ಹೋದಾಗ ಮಲ್ಲೇಶ್ವರಿ ಹೋಗಲಿಲ್ಲ. ಹಿಟ್ಟು ನಾದಿ ಹುದುಗಲು ಇಟ್ಟಳು. ಕಲ್ಲನ್ನು ಓವನ್ನಿನಲ್ಲಿಟ್ಟು ಸಣ್ಣ ಉರಿಗೆ ಬಿಟ್ಟಳು, ಒಣಗಿದರೆ ಒಣಗಲಿ ಎಂದು. ಪಕೀರಮ್ಮ ಹಾಲೆರೆದು ಬರುವಷ್ಟರಲ್ಲಿ ಮನೆತುಂಬ ನೀಲಿ ಹೊಗೆ. ಸಹನಾ ಮೂಗಿಗೆ ಸೆರಗು ಹಿಡಿದು ಹೊರಗೆ ಕುಳಿತಿದ್ದಳು.

ಮೊದಲ ಪಿಜ್ಜಾ ನೋಡಲು ಚೆನ್ನಾಗಿಯೇ ಇತ್ತು. ಸಿದ್ದೇಶ ತುಂಡು ಬಾಯಿಗಿಟ್ಟು, ನಿಧಾನ ಅಗಿದು, ಬಾಗಿಲಾಚೆ ಹೋಗಿ ಉಗುಳಿ ಬಂದ.

"ಅರಿವಿ ಒಗದ ನೀರು ಕುಡದಂಗ ಐತಿ," ಅಂದ. ಆಮೇಲೆ ತಂಗಿಯ ಮುಖ ನೋಡಿ, "ಎರಡನೇದು ಹಂಗ ಇರಲಿಕ್ಕಿಲ್ಲ, ಹಾಕು," ಎಂದ.

ಎರಡನೆಯದಕ್ಕೆ ಉರಿ ಏರಿಸಿದಳು. ಓವನ್ನಿನ ಒಳಗೆ ಟಪ್ ಎಂದು ಒಂದೇ ಸಲ ಸದ್ದಾಯಿತು. ಬಾಗಿಲು ತೆರೆದರೆ ಕಲ್ಲು ಈ ಅಂಚಿನಿಂದ ಆ ಅಂಚಿಗೆ ಸೀಳಿತ್ತು. ಚೀಸು ಸೀಳಿನಿಂದ ಕೆಳಗಿನ ಸರಳಿನ ಮೇಲೆ ಸೋರಿ ಸುಡುತ್ತಿತ್ತು.

ಸ್ಟೀಲಿನ ತಾಟಿನ ಮೇಲೆ ಹಾಕಿ ನೋಡಿದಳು. ಮೇಲೆ ಸುಟ್ಟಿತು, ಕೆಳಗೆ ಹಿಟ್ಟು ಹಸಿ ಉಳಿಯಿತು. ಮಧ್ಯಾಹ್ನವಾಯಿತು. ಉಮಾಪತಿ ಒಮ್ಮೆ ಫೋನು ಮಾಡಿ, "ತಂಗಿ, ಸಂಜೀಕ ತಯಾರಿ ಐತಲ್ರಿ?" ಎಂದು ಕೇಳಿದ. "ಐತ್ರಿ," ಎಂದಳು.

ಆಮೇಲೆ ಎದ್ದು ತಾಯಿಯ ಮುಂದೆ ಬಂದು ನಿಂತಳು.

"ಅವ್ವಾ, ಚಪಾತಿ ಹಂಚು ಕೊಡು. ಅದಕ್ಕ ಹಿಡಿಕಿಲ್ಲ, ಓವನ್ನಿನಾಗ ಹಿಡಿತೈತಿ. ದಪ್ಪ ಐತಿ, ಕಲ್ಲಿನಂಗ ಕಾಯ್ತೈತಿ."

ಅಡುಗೆಮನೆಯಲ್ಲಿ ಹಂಚುಗಳು ಗೋಡೆಗೆ ಬೋರಲಾಗಿ ಒರಗಿದ್ದವು. ಒಂದೊಂದರ ಮೇಲೂ ಅರಿಶಿನದ ಬೊಟ್ಟು. ಪಕೀರಮ್ಮ ಎದ್ದಳು. ನಿನ್ನೆಯಿಂದ ಅವಳ ಬಾಯಿಗೆ ಊಟ ಸೇರಿರಲಿಲ್ಲ. ನೇಮ ತನಗೆ ತಟ್ಟಿದರೆ ತಟ್ಟಲಿ ಎಂದು ಬಗ್ಗಿ ಚಪಾತಿ ಹಂಚಿಗೆ ಕೈ ಹಾಕಿದಳು.

"ಅತ್ತೀ." ಸಹನಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ದನಿ ಏರಿರಲಿಲ್ಲ. "ಇವತ್ತು ಚೌತಿ ಐತಿ ಅತ್ತೀ."

"ಗೊತ್ತವ್ವಾ. ಒಂದ ಸಲ. ತಪ್ಪಾತಂತ ನಾನ ಹುತ್ತಿಗೆ ಹೋಗಿ ಬೀಳ್ತೀನಿ."

"ನೀವು ಬಿದ್ದರ ನಿಮ್ಮದು ಹೋಗತೈತಿ. ಹೊಟ್ಟ್ಯಾಗಿಂದಕ್ಕ ಬಂದ್ರ?" ಸಹನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಹೋದ ವರ್ಷ ಒಂದು ಹೋತು. ಆಗ ಯಾವ ನೇಮ ತಪ್ಪಿತ್ತು ಅಂತ ನೀವ ಕೇಳಿದ್ರಿ ನನ್ನ."

ಪಕೀರಮ್ಮ ಕೇಳಿದ್ದು ನಿಜ.

"ವೈನಿ, ಅದು ಬರೇ ಕಬ್ಬಿಣ," ಎಂದಳು ಮಲ್ಲೇಶ್ವರಿ.

"ನಿನಗ ಕಬ್ಬಿಣ. ನಿನ್ನ ಕಲ್ಲಿಗೆ ನೀರು ಸೋಕಬಾರದು ಅಂದಿ, ನಾ ಏನರ ಸೋಕಿಸಿದ್ನೇನು? ನಿನ್ನ ನೇಮ ನಾ ಮುರೀಲಿಲ್ಲ. ನನ್ನದು ನೀ ಮುರೀಬ್ಯಾಡ."

ಸಿದ್ದೇಶ ಹಿತ್ತಲ ಬಾಗಿಲಲ್ಲಿ ನಿಂತವನು ನೆಲ ನೋಡಿದ. ವಿರುಪಣ್ಣ ಪಡಸಾಲೆಯಲ್ಲಿ ಕೆಮ್ಮಿದ, ಬರಲಿಲ್ಲ. ಬುಟ್ಟಿಯಲ್ಲಿ ಹಿಟ್ಟು ಉಬ್ಬಿ ಅರಿವೆಯನ್ನು ಮೇಲೆತ್ತಿತ್ತು.

ಪಕೀರಮ್ಮ ಹಂಚಿನಿಂದ ಕೈ ತೆಗೆದಳು.

ಮಲ್ಲೇಶ್ವರಿ ಹೊರಗೆ ಹೋಗಿ ಉಮಾಪತಿಗೆ ಫೋನು ಮಾಡಿದಳು. ಅವನು ದನಿ ಏರಿಸಿದ್ದು ಒಳಗಿನವರಿಗೂ ಕೇಳಿಸಿತು. ಸಂಜೆ ಹೊಸಪೇಟೆಯಿಂದ ಜೀಪು ಮಾಡಿಸಿ ಪಿಜ್ಜಾ ತರಿಸಿದರಂತೆ; ತಣ್ಣಗಾಗಿದ್ದರೂ ಮಕ್ಕಳು ತಿಂದರಂತೆ. ಆ ಅಂಗಡಿಯವನೇ ಇನ್ನು ಐತವಾರ ಐತವಾರ ಕಳಿಸಲು ಒಪ್ಪಿಕೊಂಡ ಎಂದು ಸಿದ್ದೇಶ ಪಾಳಿ ಮುಗಿಸಿ ಬಂದು ಹೇಳಿದ.

ಪಂಚಮಿಯ ದಿನ ಎಲ್ಲರೂ ಹಿಂದಿನ ರೊಟ್ಟಿ, ಕಾಳುಪಲ್ಯ ಉಂಡರು. ಹೊಲದಂಚಿನ ಬೇವಿನ ಮರದಲ್ಲಿ ಓಣಿಯ ಹುಡುಗಿಯರು ಜೋಕಾಲಿ ಕಟ್ಟಿದ್ದರು. ಪಕೀರಮ್ಮ ಗಂಡನ ಪಕ್ಕದಲ್ಲಿ ಕುಳಿತಳು.

"ತಪ್ಪು ನಂದ್ರೀ. ಆಕಿದಲ್ಲ. ಹೊಸಾ ಕಲ್ಲು ತರಸೋಣು. ದೀಪಾವಳಿತನಾ ಬಿಡ್ರಿ."

"ಯಾರ ತಪ್ಪು ಅಂತ ನಾ ಕೇಳಲಿಲ್ಲ." ವಿರುಪಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. "ಪಂಚಮಿ ಅಂದಿದ್ದೆ, ಪಂಚಮಿ ಬಂತು. ದೀಪಾವಳಿಗೆ ಸೊಸಿದು ಬಾಣಂತನ. ಒಂದ ಮನ್ಯಾಗ ಇಬ್ಬರಿಗೂ ನೀ ಹೆಂಗ ನಿಲ್ತಿ? ನಿನ್ನೆ ನಿಲ್ಲಾಕಾತೇನು?"

ಪಕೀರಮ್ಮ ಎದ್ದು ಹೋಗಿ ಮಗಳನ್ನು ಹುಡುಕಿದಳು. ಮಲ್ಲೇಶ್ವರಿ ಓವನ್ನಿನ ಸರಳಿಗೆ ಅಂಟಿದ್ದ ಚೀಸನ್ನು ಚಾಕುವಿನಿಂದ ಕೆರೆಯುತ್ತಿದ್ದಳು.

"ನೀ ಒಂದು ಮಾತು ಅನ್ನು, ನಿಮ್ಮಪ್ಪನ ಕಾಲು ಹಿಡೀತೀನಿ," ಎಂದಳು ಪಕೀರಮ್ಮ.

"ಬ್ಯಾಡವ್ವಾ. ಇದನ್ನ ವೈನಿಗೆ ಬಿಟ್ಟು ಹೋಗ್ತೀನಿ. ಬಾಣಂತಿಗೆ ಬ್ರೆಡ್ ಸುಟ್ಟು ಕೊಡಾಕ ಬರತೈತಿ. ಸ್ವಿಚ್ಚು ಹೆಂಗಂತ ತೋರಿಸೀನಿ."

ಮೂರನೆಯ ದಿನ ಗಾಳೇಶ ಬಂದ. ಬಿಳಿ ಅಂಗಿ ಹಾಕಿದ್ದ. ಮಾವನ ಕಾಲಿಗೆ ನಮಸ್ಕರಿಸಿದ, ಸಿದ್ದೇಶನ ಜೊತೆ ಡೀಸೆಲ್ಲಿನ ಮಾತಾಡಿದ, ಅತ್ತೆ ಬಡಿಸಿದ್ದನ್ನು ಬೇಡವೆನ್ನದೆ ಉಂಡ. "ಇನ್ನ ಹಂಗ ಆಗೂದಿಲ್ರಿ ಮಾವಾರ," ಅಂದ. ವಿರುಪಣ್ಣ, "ಆಗಬಾರದಪ್ಪಾ," ಅಂದ. ಅಷ್ಟಕ್ಕೇ ಮಾತು ಮುಗಿಯಿತು.

ಪಕೀರಮ್ಮ ಶೇಂಗಾ ಉಂಡಿ, ಎಳ್ಳುಂಡಿ, ಲಡಿಕಿ ಉಂಡಿಗಳನ್ನು ಡಬ್ಬಿಗೆ ತುಂಬಿದಳು. ಸಹನಾ ತನ್ನ ಪೆಟ್ಟಿಗೆಯಿಂದ ಉಡದೆ ಇಟ್ಟಿದ್ದ ಸೀರೆಯೊಂದನ್ನು ತಂದು ನಾದಿನಿಯ ಚೀಲದೊಳಗೆ ತುರುಕಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಸ್ಸಿನ ತನಕ ಪಕೀರಮ್ಮ ಹೋದಳು. ತವರಿಂದ ಮರಳುವ ಹೆಣ್ಣುಮಕ್ಕಳಿಂದ ಬಸ್ಸು ತುಂಬಿತ್ತು. ಎಲ್ಲರ ಮಡಿಲಲ್ಲೂ ಒಂದೊಂದು ಡಬ್ಬಿ. ಗಾಳೇಶ ಮೊದಲೇ ಹತ್ತಿ, ಕಿಟಕಿಯ ಕಡೆ ತಾನು ಕುಳಿತು, ಒಳಗಿನ ಸೀಟಿನ ಮೇಲೆ ಟವೆಲ್ಲು ಹಾಕಿ ಹಿಡಿದಿದ್ದ.

"ಮುಟ್ಟಿದ ಕೂಡಲೇ ಫೋನ್ ಮಾಡವ್ವಾ," ಎಂದಳು ಪಕೀರಮ್ಮ. "ದಿನಾ ಮಾಡು. ಏನಿಲ್ಲಾಂದ್ರೂ ಉಂಡ್ಯಾ ಅಂತ ಕೇಳು."

ಮಲ್ಲೇಶ್ವರಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಫೋನು ಅವರ ಕಿಸೇದಾಗ ಐತವ್ವಾ. ಉಣ್ಣಾಕ ಕುಂತಾಗ ಇಸಗೊಂಡ್ರು."

ಹಿಂದಿನವರು ತಳ್ಳಿದರು. ಅವಳು ಒಳಗೆ ಹೋದಳು. ಬಸ್ಸು ಹೊರಟಾಗ ಪಕೀರಮ್ಮ ಕಿಟಕಿಗಳನ್ನೆಲ್ಲ ನೋಡುತ್ತ ಜೊತೆಗೆ ನಾಲ್ಕು ಹೆಜ್ಜೆ ನಡೆದಳು. ಗಾಳೇಶನ ಬಿಳಿ ಅಂಗಿ ಕಂಡಿತು, ಅದರಾಚೆ ಏನೂ ಕಾಣಲಿಲ್ಲ.